ದನಿ ಬರುವ ಮೊದಲು ಆಡಿದ ಮಾತು

ನಮ್ಮ ಅವ್ವನಿಗೆ ಕಿವಿ ಕೇಳುವುದಿಲ್ಲ ಎಂದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಯಾರದು ಎಂಬುದು ಆಕೆಯ ಎದುರು ಹತ್ತು ನಿಮಿಷ ಕೂತವರಿಗೆ ತಿಳಿಯುತ್ತದೆ. ಓಣಿಯ ಆ ತುದಿಯ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಪಿಸುಗುಟ್ಟಿದರೆ ಅವ್ವ ಈ ತುದಿಯಿಂದಲೇ ಅವರ ತುಟಿ ಓದುತ್ತಾಳೆ. ಸಂಜೆ ರೊಟ್ಟಿ ಬಡಿಯುವಾಗ ಯಾರು ಯಾರಿಗೆ ಏನಂದರು ಎಂಬುದನ್ನು ಉಪ್ಪು ಖಾರ ಹಚ್ಚದೆ, ಇದ್ದದ್ದು ಇದ್ದಂತೆ ಒಪ್ಪಿಸುತ್ತಾಳೆ. ಇಪ್ಪತ್ತು ವರ್ಷದಿಂದ ವರದಿಗಾರ್ತಿಯಾಗಿ ಹೊಟ್ಟೆ ಹೊರೆದುಕೊಂಡಿರುವ ನನಗೆ ಅಷ್ಟು ಚೊಕ್ಕ ವರದಿ ಕೊಡುವುದು ಇಂದಿಗೂ ಪೂರ್ತಿ ಬಂದಿಲ್ಲ.

ಈ ವಿದ್ಯೆಯನ್ನು ಆಕೆಗೆ ಕಲಿಸಿದ್ದು ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗದ ಶೆಡ್ಡು. ಕರ್ನಾಟಕದಿಂದ ದುಡಿಯಲು ಬಂದ ನಮ್ಮಂಥ ಮನೆಗಳ ಗಂಡಸರು ಅಲ್ಲಿ ಮಗ್ಗ ನಡೆಸುತ್ತಿದ್ದರು, ಹೆಂಗಸರು ಕಾಂಡಿ ಸುತ್ತುತ್ತಿದ್ದರು. ಕಾಂಡಿ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಕಡ್ಡಿ. ಒಂದು ತಗಡಿನ ಮಾಡಿನ ಕೆಳಗೆ ಇಪ್ಪತ್ನಾಲ್ಕು ಮಗ್ಗ ಒಮ್ಮೆಲೇ ಖಟಖಟ ಎನ್ನುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಪ್ರಯೋಜನವಿಲ್ಲ. ಆದ್ದರಿಂದ ಅಲ್ಲಿ ಯಾರೂ ಕೂಗುವುದಿಲ್ಲ. ದನಿಯೇ ಇಲ್ಲದೆ ಬರೀ ತುಟಿ ಆಡಿಸುತ್ತಾರೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ಕನ್ನಡದವರು ಕನ್ನಡದಲ್ಲಿ, ಮರಾಠಿಯವರು ಮರಾಠಿಯಲ್ಲಿ, ಜಗಳ ಮಾತ್ರ ಎರಡರಲ್ಲೂ. ಇಪ್ಪತ್ತಾರು ವರ್ಷ ಅಲ್ಲಿ ದುಡಿದು ಅವ್ವ ಕಿವಿ ಕೊಟ್ಟು ಕಣ್ಣು ತಂದಳು.

ಶಾಲೆ ಬಿಟ್ಟ ಮೇಲೆ ನಾನೂ ಶೆಡ್ಡಿಗೇ ಹೋಗುತ್ತಿದ್ದೆ, ಹಾಗಾಗಿ ನನಗೂ ಅದು ಬರುತ್ತದೆ. ಅಲ್ಲಿ ಒಂದು ಕಟ್ಟಳೆ ಇತ್ತು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಎದುರಿನವರು ಆಡಿದ್ದು ಅರ್ಧ ತಿಳಿದು ಅರ್ಧ ತಿಳಿಯದಿದ್ದರೆ ಅಂಗೈಯನ್ನು ಮೇಲ್ಮುಖ ಮಾಡಿ ತೋರಿಸಬೇಕು. ಅಂದರೆ, ಮತ್ತೊಮ್ಮೆ ಹೇಳು. ಎಷ್ಟು ಸಲ ಅಂಗೈ ತೋರಿಸಿದರೂ ಯಾರೂ ಸಿಡಿಮಿಡಿ ಮಾಡುತ್ತಿರಲಿಲ್ಲ. ಆದರೆ ಅರ್ಧ ತಿಳಿದದ್ದಕ್ಕೆ ತನ್ನದೊಂದಿಷ್ಟು ಸೇರಿಸಿ ಮುಂದಿನ ಮಗ್ಗಕ್ಕೆ ದಾಟಿಸಿದವರಿಗೆ ಕ್ಷಮೆ ಇರಲಿಲ್ಲ. ಹತ್ತರ ನಂಬರಿನ ನೂಲು ಬೇಕಾದಲ್ಲಿ ಇಪ್ಪತ್ತರದು ಹೋಗಿ ಇಡೀ ಬಟ್ಟೆಯ ತಾನು ಕೆಟ್ಟರೆ ಯಾರು ಹೊಣೆ? ನಾನು ಒಮ್ಮೆ ಹಾಗೆ ಮಾಡಿ ಅವ್ವನ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿದ್ದೆ. ಆ ಕಿವಿ ಈಗಲೂ ಜಾಗದಲ್ಲೇ ಇದೆ, ಪಾಠ ಮಾತ್ರ ನಡುವೆ ಎಲ್ಲೋ ಜಾರಿಹೋಗಿತ್ತು.

ಅವ್ವ ಟೀವಿಯನ್ನು ದನಿ ಮುಚ್ಚಿಯೇ ನೋಡುತ್ತಾಳೆ. ಬೇರೆ ಭಾಷೆಯಿಂದ ದನಿ ಬದಲಿಸಿ ತಂದ ಧಾರಾವಾಹಿಗಳೆಂದರೆ ಆಕೆಗೆ ಮೈಯೆಲ್ಲ ಉರಿ. ನಮ್ಮ ಅಣ್ಣನ ಹೆಂಡತಿ ಅಂಥದ್ದನ್ನು ನೋಡುತ್ತ ಕಣ್ಣೊರೆಸಿಕೊಂಡರೆ, ಆ ನಟಿ ಬಾಯಲ್ಲಿ ಆಡುತ್ತಿರುವುದೇ ಬೇರೆ, ನೀ ಯಾಕೆ ಅಳುತ್ತೀ ಎಂದು ಕೇಳಿ ಆಕೆಯ ಅಳುವಿನ ಸುಖವನ್ನೂ ಕೆಡಿಸುತ್ತಾಳೆ. ಅವ್ವನ ಪ್ರಕಾರ ತುಟಿ ಒಂದು, ಮಾತು ಒಂದು ಆದರೆ ಅದು ನೋಡುವಂಥದ್ದಲ್ಲ.

ನಾನು ಕೊಲ್ಹಾಪುರದಲ್ಲಿ ಒಂದು ಮರಾಠಿ ಸುದ್ದಿ ಚಾನೆಲ್ಲಿನ ವರದಿಗಾರ್ತಿ. ಅವ್ವ ಇಚಲಕರಂಜಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ನಾನು ಪರದೆಯ ಮೇಲೆ ಬಂದದ್ದನ್ನು ಆಕೆ ಒಂದು ದಿನವೂ ತಪ್ಪಿಸಿದವಳಲ್ಲ. ಟೀವಿಯ ಮುಂದೆ ಎರಡು ಅಡಿ ದೂರದಲ್ಲಿ ಮಣೆ ಹಾಕಿಕೊಂಡು ಕೂರುತ್ತಾಳೆ. ಆಮೇಲೆ ವಿಡಿಯೋ ಕಾಲ್ ಮಾಡಿ, ಈ ಸೀರೆ ನಿನಗೆ ಒಪ್ಪುವುದಿಲ್ಲ, ಅಷ್ಟು ತಲೆ ಅಲ್ಲಾಡಿಸಬೇಡ, ಆ ಮಂತ್ರಿ ಬಾಯಲ್ಲಿ ಅಡಿಕೆ ಇಟ್ಟುಕೊಂಡು ಮಾತಾಡಿದ, ಒಂದೂ ತಿಳಿಯಲಿಲ್ಲ ಎಂದು ತಪ್ಪು ತೆಗೆಯುತ್ತಾಳೆ. ನಾವಿಬ್ಬರೂ ವಿಡಿಯೋ ಕಾಲಿನಲ್ಲಿ ದನಿ ಬಳಸುವುದಿಲ್ಲ. ಆಫೀಸಿನಲ್ಲಿ ಇಪ್ಪತ್ತು ಜನರ ನಡುವೆ ಕೂತು ನಾನು ಅವ್ವನ ಹತ್ತಿರ ಬೈಸಿಕೊಂಡರೂ ಪಕ್ಕದವರಿಗೆ ಗೊತ್ತಾಗುವುದಿಲ್ಲ. ಇಂಥ ಸೌಕರ್ಯ ಎಷ್ಟು ಮಕ್ಕಳಿಗಿದೆ?

ಇನ್ನು ಮಾವಶಿಯ ಮಾತು. ಶೆಡ್ಡಿನಲ್ಲಿ ಅವ್ವನ ಪಕ್ಕದ ಯಂತ್ರದಲ್ಲಿ ಕೂತು ಇಪ್ಪತ್ತು ವರ್ಷ ಕಾಂಡಿ ಸುತ್ತಿದ ಗೆಳತಿ ಈಕೆ. ರಕ್ತದ ನಂಟಿಲ್ಲ, ಆದರೆ ನಾನು ಮರಾಠಿಯವರು ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಎಂದೇ ಕರೆಯುವುದು. ತವರು ನಮ್ಮ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನ ನೂಲ ಎಂಬ ಹಳ್ಳಿ. ಆಕೆಯ ಒಬ್ಬನೇ ಮಗ ಹುಟ್ಟಿದಾಗ ಎರಡು ಯಂತ್ರಗಳ ನಡುವೆ ಚೀಲದ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದರು. ಹಗ್ಗ ಎಳೆಯುವ ಕೆಲಸ ನನ್ನದು. ಆ ಗದ್ದಲದಲ್ಲೇ ನಿದ್ದೆ ಕಲಿತ ಹುಡುಗ ರಜೆಯ ದಿನ ಮಗ್ಗ ನಿಂತರೆ ಎದ್ದು ಅಳುತ್ತಿದ್ದ. ಆತ ಮುಂದೆ ಫೌಜಿಗೆ ಸೇರಿದ, ಗಡಹಿಂಗ್ಲಜ ಊರಲ್ಲೇ ಮನೆ ಕಟ್ಟಿಸಿ ತಾಯಿಯನ್ನೂ ಹೆಂಡತಿಯನ್ನೂ ಅಲ್ಲಿಟ್ಟ. ನನ್ನನ್ನು ಅಕ್ಕಾ ಎಂದು ಕರೆಯುತ್ತಾನೆ. ನನಗೆ ಒಡಹುಟ್ಟಿದ ಅಣ್ಣನಿದ್ದರೂ, ತಮ್ಮ ಎಂದರೆ ನೆನಪಾಗುವುದು ಅವನೇ.

ಆ ಬೇಸಿಗೆಯಲ್ಲಿ ಮಾವಶಿಯ ಕಣ್ಣಿನ ಪೊರೆ ತೆಗೆಸಿದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಲ್ಲೂ ಪೊರೆ ಬೆಳೆದು ಬರೀ ಮಂಜು. ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು, ಬಾಗಬಾರದು, ಉಜ್ಜಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಅಳಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸೊಸೆಗೆ ಸಣ್ಣ ಕೂಸು ಬೇರೆ. ಅವ್ವ ತಾನಾಗಿಯೇ ಚೀಲ ಕಟ್ಟಿಕೊಂಡು ಗೆಳತಿಯ ಕಣ್ಣು ನೋಡಿಕೊಳ್ಳಲು ಗಡಹಿಂಗ್ಲಜಕ್ಕೆ ಹೋದಳು. ಆಕೆ ಹೋದ ಮೂರನೆಯ ದಿನ ಗಡಿಯಲ್ಲಿ ಯುದ್ಧ ಶುರುವಾಯಿತು.

ಮಾವಶಿಯ ಮಗ ಆ ಗಡಿಯ ಮೇಲೇ ಇದ್ದ. ಮುಂದಿನ ಠಾಣೆಗೆ ಹೊರಡುವ ಮೊದಲು ಹೆಂಡತಿಗೆ ಫೋನು ಮಾಡಿ, ಇನ್ನು ಕೆಲವು ದಿನ ಫೋನು ಬರುವುದಿಲ್ಲ, ಗಾಬರಿಯಾಗಬೇಡ ಎಂದಿದ್ದನಂತೆ.

ಇತ್ತ ನಮ್ಮ ಚಾನೆಲ್ಲಿನಲ್ಲಿ ಗಾಬರಿಯೇ ಅಡುಗೆ, ಗಾಬರಿಯೇ ಒಗ್ಗರಣೆ. ಪರದೆಯ ತುಂಬ ಬೆಂಕಿ ಹತ್ತಿದ ನಕಾಶೆ, ಹಿಂದೆ ಸೈರನ್ನಿನ ಕೂಗು. ನಾಲ್ಕು ಚೌಕದಲ್ಲಿ ನಾಲ್ಕು ಜನ ಒಮ್ಮೆಲೇ ಒದರುತ್ತಿದ್ದರು. ಗಂಟೆಗೊಂದು ಊರು ಗೆದ್ದು, ಗಂಟೆಗೊಂದು ಬಂದರು ಸುಟ್ಟು, ಸಂಜೆಯ ಹೊತ್ತಿಗೆ ಸುಟ್ಟದ್ದನ್ನು ಯಾರೂ ಕೇಳುತ್ತಿರಲಿಲ್ಲ. ನಾನು ಇದರಿಂದ ಹೊರಗಿದ್ದೆ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನಗೂ ಒಂದು ಥರದ ಹುಮ್ಮಸ್ಸು ಬಂದಿತ್ತು. ಕಬ್ಬಿನ ದರ, ಹೊಳೆಯ ಮಹಾಪೂರ ಬಿಟ್ಟು ಬೇರೆ ಯಾವುದಕ್ಕೂ ನಮ್ಮನ್ನು ನೆನೆಯದ ಸ್ಟುಡಿಯೋ ಆ ದಿನಗಳಲ್ಲಿ ಗಂಟೆಗೊಮ್ಮೆ ನನ್ನ ಹೆಸರು ಕರೆಯುತ್ತಿತ್ತು.

ಯುದ್ಧದ ಮೂರನೆಯ ದಿನ ಸಂಜೆ ಐದರ ಸುಮಾರಿಗೆ ಚಾನೆಲ್ಲಿನ ಸುದ್ದಿ ಡೆಸ್ಕಿನಿಂದ ಒಂದು ಸಂದೇಶ ಬಂತು. ಗಡಿಯ ಒಂದು ಠಾಣೆಯ ಮೇಲೆ ದಾಳಿಯಾಗಿದೆ, ಕೊಲ್ಹಾಪುರ ಜಿಲ್ಲೆಯ ಐದು ಜವಾನರು ಇಲ್ಲವಾಗಿದ್ದಾರೆ. ಯಾರು ಬರೆದದ್ದು ಎಂಬುದಿಲ್ಲ, ಠಾಣೆಯ ಹೆಸರಿಲ್ಲ, ಕೈಯಿಂದ ಕೈಗೆ ದಾಟುತ್ತ ಬಂದ ಒಂದು ಮೊಬೈಲ್ ಸಂದೇಶ ಅಷ್ಟೇ. ನಾನು ಕಲೆಕ್ಟರ್ ಕಚೇರಿಗೆ ಹೋಗಿ ಕೇಳಿದೆ. ಒಳಗಿದ್ದ ಅಧಿಕಾರಿ, ಅಂಥ ಯಾವ ಮಾಹಿತಿಯೂ ನಮಗೆ ಬಂದಿಲ್ಲ, ಬಂದರೂ ಮೊದಲು ತಿಳಿಸುವುದು ಮನೆಯವರಿಗೆ, ನಿಮಗಲ್ಲ ಎಂದರು. ಇದನ್ನೇ ಡೆಸ್ಕಿಗೆ ಹೇಳಿದೆ. ಬೇರೆ ಚಾನೆಲ್ಲಿನಲ್ಲಿ ಆಗಲೇ ಓಡುತ್ತಿದೆ, ನೀನು ಕಚೇರಿಯ ಗೇಟಿನ ಮುಂದೆ ನಿಂತು ‘ಸೂತ್ರಗಳ ಮಾಹಿತಿಯ ಪ್ರಕಾರ’ ಎಂದು ಹೇಳಿ ಮುಗಿಸು ಎಂದು ಕಿವಿಗೆ ಹಾಕಿದ ಇಯರ್‌ಫೋನಿನ ದನಿ ಆಜ್ಞೆ ಮಾಡಿತು. ಮರಾಠಿ ಸುದ್ದಿಯಲ್ಲಿ ಸೂತ್ರಗಳೆಂದರೆ ಹೆಸರು ಹೇಳಲಾಗದ ಬಲ್ಲವರು. ಅಂಥವರು ಒಬ್ಬರಾದರೂ ಇರಬೇಕಲ್ಲ ಎಂದು ನಾನು ಕೇಳಲಿಲ್ಲ.

ಕ್ಯಾಮೆರಾ ಹಿಡಿದಾತ ಜಯಸಿಂಗಪುರದವನು, ಮನೆಮಾತು ಕನ್ನಡ. ಸ್ಟುಡಿಯೋದವರಿಗೆ ತಿಳಿಯಬಾರದ ಮಾತನ್ನೆಲ್ಲ ನಾವು ಕನ್ನಡದಲ್ಲೇ ಆಡಿಕೊಳ್ಳುವುದು. ನೇರ ಪ್ರಸಾರಕ್ಕೆ ಮುಂಚೆ ಅರ್ಧ ನಿಮಿಷ ನನ್ನನ್ನು ಅರ್ಧ ಪರದೆಯಲ್ಲಿ ತೋರಿಸುತ್ತಾರೆ, ದನಿ ಮಾತ್ರ ಮುಚ್ಚಿರುತ್ತದೆ. ಆ ಅರ್ಧ ನಿಮಿಷದಲ್ಲಿ ನಾನು ಅವನಿಗೆ, “ಒಳಗ ಯಾರಿಗೂ ಏನೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಏನಂತ ಹೇಳ್ಲೋ ಮಾರಾಯಾ?” ಎಂದೆ. ಅವನು ತನ್ನೂರಿನ ಭಡಂಗ ಚುರುಮುರಿ ಅಗಿಯುತ್ತ, ಅವರು ಹೇಳಿದ್ದನ್ನು ಹೇಳಿರಿ ಅಕ್ಕಾರ, ಮುಗಿಸಿ ಚಹಾ ಕುಡಿಯೋಣ ಎಂದ.

ದನಿ ತೆರೆಯಿತು. ಸೂತ್ರಗಳ ಪ್ರಕಾರ ಎಂದು ಶುರು ಮಾಡಿ ಐದು ಜವಾನರ ಮಾತು ಹೇಳಿದೆ. ಅಲ್ಲಿಗೆ ನಿಲ್ಲಿಸಿದ್ದರೆ ತಪ್ಪು ಅರ್ಧ ಡೆಸ್ಕಿನದು, ಅರ್ಧ ನನ್ನದು. ಆದರೆ ಸ್ಟುಡಿಯೋದ ನಿರೂಪಕ, ಯಾವ ತಾಲೂಕಿನವರು ಎಂದು ಕೇಳಿದ. ನಾನು, ಹೆಚ್ಚಾಗಿ ಗಡಹಿಂಗ್ಲಜ ಭಾಗದವರು ಇರಬಹುದು ಎಂದುಬಿಟ್ಟೆ. ಆ ಕಡೆ ಮನೆಗೊಬ್ಬ ಫೌಜಿ ಎಂಬುದು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಆಡುವ ಮಾತು. ಆದರೆ ನಿಜವಾದ ಕಾರಣ ಅದಲ್ಲ. ಮೂರು ದಿನದಿಂದ ನನ್ನ ತಲೆಯೊಳಗೆ ಆ ಜೋಳಿಗೆಯ ಹುಡುಗನೇ ಇದ್ದ. ಕೇಳಿದ ಕೂಡಲೇ ಅವನ ಊರು ಬಾಯಿಗೆ ಬಂತು. ನನ್ನ ಹೆದರಿಕೆಯನ್ನು ನಾನೇ ಸುದ್ದಿ ಮಾಡಿ ಊರಿಗೆಲ್ಲ ಹಂಚಿದೆ.

ಎರಡು ನಿಮಿಷದಲ್ಲಿ ಪರದೆಯ ಕೆಳಗಿನ ಪಟ್ಟಿಯಲ್ಲಿ ಗಡಹಿಂಗ್ಲಜದ ಐದು ಜವಾನರು ಎಂದು ಓಡತೊಡಗಿತು. ನಾನಂದ ‘ಇರಬಹುದು’ ಆ ಪಟ್ಟಿಯಲ್ಲಿ ಇರಲಿಲ್ಲ. ಜಾಗ ಸಾಲಲಿಲ್ಲವೇನೋ.

ಚಹಾ ಕುಡಿದು ಮೊಬೈಲ್ ತೆಗೆದರೆ ಮಾವಶಿಯ ಸೊಸೆಯಿಂದ ಹದಿನಾಲ್ಕು ಕರೆ. ನಾನು ತಿರುಗಿ ಮಾಡಿದೆ. ಆಕೆ ಬಿಕ್ಕುತ್ತ, “ಅಕ್ಕಾ, ನೀನ ಹೇಳಿದಿ ಅಲ್ಲ,” ಎಂದಳು. ಅಷ್ಟೇ ಅಂದಳು. ಬೇರೆ ಯಾರು ಹೇಳಿದ್ದರೂ ಆಕೆ ನಂಬುತ್ತಿರಲಿಲ್ಲವೇನೋ. ನಾನು ಹೇಳಿದ್ದರಿಂದ ನಂಬಿದಳು. ಅಷ್ಟರಲ್ಲಿ ಆಕೆಯ ಕೈಯಿಂದ ಫೋನು ಯಾರೋ ಕಸಿದಂತಾಯಿತು, ವಿಡಿಯೋ ಹತ್ತಿತು, ಅವ್ವನ ಮುಖ ಕಂಡಿತು. ನಾನು ಏನೇನೋ ಹೇಳಲು ಹೋದೆ. ಅವ್ವ ನನ್ನ ತುಟಿ ನೋಡಲಿಲ್ಲ. ದನಿಯಿಲ್ಲದೆ ಎರಡೇ ಶಬ್ದ ಆಡಿದಳು: “ನೀ ಬಾ.”

ಮರುದಿನ ಬೆಳಗಿನ ಮೊದಲ ಎಸ್ಟಿ ಬಸ್ಸು ಹಿಡಿದೆ. ಕಾಗಲ ದಾಟಿತು, ಮುರಗೂಡ ದಾಟಿತು, ದಾರಿಯುದ್ದಕ್ಕೂ ನನ್ನ ಪಕ್ಕ ಕೂತವರು ನಮ್ಮ ಚಾನೆಲ್ಲಿನ ಸುದ್ದಿಯನ್ನೇ ಆಡಿಕೊಳ್ಳುತ್ತಿದ್ದರು. ಐವರು ಆಗಲೇ ಏಳು ಮಂದಿಯಾಗಿದ್ದರು. ಒಬ್ಬಾತ ನನ್ನ ಮುಖ ಗುರುತು ಹಿಡಿದು, ಮ್ಯಾಡಮ್ ಖರೇ ಏನ್ರಿ ಎಂದು ಕೇಳಿದ. ನಾನು ಕಿಟಕಿಯ ಹೊರಗೆ ನೋಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

ಹಿಂದಿನ ಸಂಜೆ ಆ ಮನೆಯಲ್ಲಿ ಏನಾಯಿತೆಂಬುದನ್ನು ಸೊಸೆ ನನಗೆ ಆಮೇಲೆ ಹೇಳಿದಳು. ಆಕೆ ಅಡುಗೆಮನೆಯಿಂದಲೇ ಟೀವಿಯ ದನಿ ಜೋರು ಮಾಡಿ ಕೇಳುತ್ತಿದ್ದಳಂತೆ. ಅವ್ವ ಎಂದಿನಂತೆ ಪರದೆಯ ಮುಂದೆ ಎರಡು ಅಡಿ ದೂರದಲ್ಲಿ. ಗಡಹಿಂಗ್ಲಜ ಎಂಬ ಮಾತು ಬಂದ ಕೂಡಲೇ ಸೊಸೆ ಕೈಯಲ್ಲಿದ್ದ ಪಾತ್ರೆ ಬಿಟ್ಟು ಚೀರಿದಳು. ಮಾವಶಿಗೆ ಕಿವಿ ಅಷ್ಟಿಷ್ಟು ಕೇಳುತ್ತದೆ, ಏನೆಂದು ಕೇಳಿ ತಿಳಿದು ಎದೆ ಬಡಿದುಕೊಳ್ಳಲು ಕೈ ಎತ್ತಿದಳು. ಪಟ್ಟಿ ಕಟ್ಟಿದ ಕಣ್ಣಿನ ಕಡೆ ಕೈ ಹೋಗುವಷ್ಟರಲ್ಲಿ ಅವ್ವ ಓಡಿಬಂದು ಎರಡೂ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಹಿಡಿದು ಗೆಳತಿಯ ಕಿವಿಯ ಹತ್ತಿರ ಬಾಯಿಟ್ಟು, ಶೆಡ್ಡಿನಲ್ಲಿ ಒಮ್ಮೆಯೂ ಕೂಗದವಳು ಓಣಿಗೆಲ್ಲ ಕೇಳುವಂತೆ ಕೂಗಿದಳು. “ಅಳಬ್ಯಾಡ. ಆಕಿಗೆ ಏನೂ ಗೊತ್ತಿಲ್ಲ. ನನಗೇನೂ ಗೊತ್ತಿಲ್ಲ ಅಂತ ಆಕಿ ಬಾಯಿಲೆ ಅಂದಾಳ, ನಾ ನೋಡೀನಿ.”

ಸೊಸೆ ನಂಬಲಿಲ್ಲ. ಈಗ ತಾನೇ ಅಕ್ಕ ಟೀವಿಯಲ್ಲಿ ಹೇಳಿದಳಲ್ಲ ಎಂದು ಕೇಳಿದಳು. ಆಗ ಅವ್ವ ಕೊಟ್ಟ ಉತ್ತರವನ್ನು ಸೊಸೆ ನನಗೆ ಹೇಳುವಾಗ ನೆಲ ನೋಡುತ್ತಿದ್ದಳು. “ಮೊದಲ ಅಂದದ್ದು ಖರೇ. ಆಮ್ಯಾಲ ಅಂದದ್ದು ನೌಕರಿ.”

ನಾನು ಹೋದಾಗ ಮನೆಯ ತುಂಬ ಜನ. ನೂಲದಿಂದ ಮಾವಶಿಯ ಅಣ್ಣಂದಿರು ಬಂದಿದ್ದರು, ಓಣಿಯ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಯಾರೂ ಅಳುತ್ತಿರಲಿಲ್ಲ, ಯಾರೂ ಎದ್ದು ಹೋಗುತ್ತಲೂ ಇರಲಿಲ್ಲ. ಅರ್ಧ ಸಾವಿನ ಮನೆಯಲ್ಲಿ ಹೇಗೆ ಇರಬೇಕೆಂದು ಯಾವ ಹಿರಿಯರೂ ಕಲಿಸಿಲ್ಲ. ಒಲೆ ಹಚ್ಚಬೇಕೋ ಬೇಡವೋ ಎಂದು ಸೊಸೆ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. ಖಾಲಿ ಡಬ್ಬಿಯೊಂದು ಅಲ್ಲೇ ಕಟ್ಟೆಯ ಮೇಲಿತ್ತು. ಗಂಡ ರಜೆಗೆ ಬಂದು ಮರಳುವಾಗ ಹೋಳಿಗೆ ತುಂಬಿ ಕಳಿಸಲೆಂದು ಡಬ್ಬಿಗಳನ್ನು ಈಗಲೇ ಲೆಕ್ಕ ಹಾಕಿಟ್ಟಿದ್ದಳಂತೆ. ಎಲ್ಲರೂ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಬಾಯಿ ನೋಡುತ್ತಿದ್ದರು, ಹೊಸದೇನಾದರೂ ತಂದಿದ್ದೇನೆಯೇ ಎಂದು.

ಅವ್ವ ಮಂಚದ ಮೇಲೆ ಗೆಳತಿಯ ಪಕ್ಕ ಕೂತಿದ್ದಳು. ಎರಡೂ ಕೈ ಇನ್ನೂ ಹಿಡಿದೇ ಇದ್ದಳು. ಇಷ್ಟು ಜನರ ತಲೆಗಳ ಮೇಲಿಂದ ಅವ್ವ ನನ್ನನ್ನು ನೋಡಿ ದನಿಯಿಲ್ಲದೆ ತುಟಿ ಆಡಿಸಿದಳು. ಚಿಕ್ಕಂದಿನಿಂದ ಆಕೆ ನನ್ನನ್ನು ಬೈದದ್ದೆಲ್ಲ ಹೀಗೆಯೇ, ಮದುವೆ ಮನೆಯಲ್ಲಿ, ನೆಂಟರೆದುರಿಗೆ, ಪಂಗತಿಯ ನಡುವೆ. ಇನ್ನೊಂದು ಹೋಳಿಗೆ ತಗೋಬೇಡ, ಕಾಲು ಮಡಚು, ಮೂಗು ಒರೆಸಿಕೋ. ನನ್ನ ಮಾನ ಕಾಯ್ದು ಬೈಯುವ ದಾರಿ ಅದು. ಈ ಸಲ ಆಕೆ ಕೇಳಿದ್ದು ಒಂದೇ ಮಾತು. ಗೊತ್ತಿಲ್ಲ ಅಂದ ಮೇಲೆ ಯಾಕೆ ಹೇಳಿದಿ?

ನಾನೂ ದನಿಯಿಲ್ಲದೆ, ತಪ್ಪಾಯಿತು ಅವ್ವ ಎಂದೆ.

ಅವ್ವ ಗೆಳತಿಯ ಒಂದು ಕೈ ಬಿಟ್ಟು ತನ್ನ ಅಂಗೈಯನ್ನು ಮೇಲ್ಮುಖ ಮಾಡಿ ತೋರಿಸಿದಳು. ಮತ್ತೊಮ್ಮೆ ಹೇಳು. ನಾನು ಮತ್ತೆ ತುಟಿ ಆಡಿಸಿದೆ. ಅಂಗೈ ಕೆಳಗಿಳಿಯಲಿಲ್ಲ. ಆಮೇಲೆ ಆಕೆ ಗೆಳತಿಯ ಪಟ್ಟಿ ಕಟ್ಟಿದ ಕಣ್ಣಿನ ಕಡೆ ಬೆರಳು ಮಾಡಿದಳು. ಆಗ ತಿಳಿಯಿತು. ಆ ಮನೆಯಲ್ಲಿ ತುಟಿ ನೋಡಲಾಗದೆ ಕೂತವಳು ಒಬ್ಬಳಿದ್ದಳು, ಮತ್ತು ತಪ್ಪು ಒಪ್ಪಿಕೊಳ್ಳಬೇಕಾದದ್ದು ಆಕೆಯ ಮುಂದೆ.

ಮಂಚದ ಹತ್ತಿರ ಹೋಗಿ ಮಾವಶಿಯ ಮೊಣಕಾಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದೆ. “ಮಾವಶಿ, ನನಗ ಯಾರೂ ಏನೂ ಹೇಳಿರಲಿಲ್ಲ. ಗಡಹಿಂಗ್ಲಜ ಅಂತ ನಾನ ಸೇರ್ಸಿ ಹೇಳಿದ್ದು. ಅಂವಾ ಹೆಂಗದಾನ ಅಂತ ನನಗ ಗೊತ್ತಿಲ್ಲ. ಸತ್ತಾನ ಅಂತೂ ಗೊತ್ತಿಲ್ಲ, ಅದಾನ ಅಂತೂ ಗೊತ್ತಿಲ್ಲ.”

ಇಪ್ಪತ್ತು ವರ್ಷದಲ್ಲಿ ನೂರಾರು ಸಲ ಕ್ಯಾಮೆರಾದ ಮುಂದೆ ನಿಂತಿದ್ದೇನೆ, ನನಗೆ ಗೊತ್ತಿಲ್ಲ ಎಂಬ ಮಾತನ್ನು ದನಿ ತೆಗೆದು ಆಡಿದ್ದು ಅದೇ ಮೊದಲು. ಮಾವಶಿ ಕೈ ಚಾಚಿ ನನ್ನ ಮುಖ ಸವರಿದಳು, ಕೆನ್ನೆ, ಹಣೆ, ಗದ್ದ. “ನೀನೂ ಹೆದರಿದ್ದಿ ಏನ?” ಎಂದು ಕೇಳಿದಳು. ಹೌದೆಂದೆ. ಆಕೆ, ಹಾಗಾದರೆ ಒಲೆ ಹಚ್ಚಿರಿ, ಈಕೆ ಬೆಳಗಿನಿಂದ ಏನೂ ತಿಂದಿರಲಿಕ್ಕಿಲ್ಲ ಎಂದು ಸೊಸೆಗೆ ಹೇಳಿದಳು. ಆಮೇಲೆ ಕಣ್ಣಿಗೆ ಹನಿ ಹಾಕುವ ಹೊತ್ತಾಗಿದೆ, ಅದನ್ನು ನೀನೇ ಹಾಕು ಎಂದು ನನಗೆ ಅಪ್ಪಣೆ ಮಾಡಿದಳು. ಅವಳಲ್ಲಿ ಸಿಟ್ಟಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಆಕೆ ಕಣ್ಣನ್ನು ನನ್ನ ಕೈಗೆ ಕೊಟ್ಟಳು. ಪಟ್ಟಿ ಸರಿಸಿ ರೆಪ್ಪೆ ಬಿಡಿಸಿದೆ. ಅವ್ವ ಎದುರಿಗೆ ನಿಂತು ತುಟಿಯಲ್ಲೇ, ಒಂದೇ ಹನಿ, ನಿಧಾನ, ಒಂದೇ ಹನಿ ಎಂದು ಹೇಳಿಕೊಡುತ್ತಿದ್ದಳು.

ಡೆಸ್ಕಿನಿಂದ ಕರೆಗಳು ಬಂದವು, ನಾನು ಎತ್ತಲಿಲ್ಲ. ಆ ದಿನ, ಮರುದಿನ ಅಲ್ಲೇ ಉಳಿದೆ. ಶೇಂಗಾ ಚಟ್ನಿ ಕುಟ್ಟಿದೆ, ಕೂಸನ್ನು ಆಡಿಸಿದೆ, ಎಂಟು ಸಲ ಹನಿ ಹಾಕಿದೆ. ನೂಲದವರು ಹೊಲದ ಕೆಲಸವಿದೆಯೆಂದು ಹೋಗಿ ಮತ್ತೆ ಸಂಜೆಗೆ ಬಂದರು. ಟೀವಿಯ ಮೇಲೆ ಸೊಸೆ ಬಟ್ಟೆ ಹೊದಿಸಿದ್ದಳು. ನಮ್ಮ ಚಾನೆಲ್ಲಿನ ಪಟ್ಟಿಯಿಂದ ಗಡಹಿಂಗ್ಲಜ ತಾನಾಗಿಯೇ ಮಾಯವಾಗಿತ್ತೆಂದು ಯಾರೋ ಹೇಳಿದರು. ತಪ್ಪಾಗಿತ್ತು ಎಂದು ಹೇಳಿದರೇನು ಎಂದು ಮಾವಶಿ ಕೇಳಿದಳು. ಇಲ್ಲ, ಬರೀ ತೆಗೆದುಹಾಕಿದರು ಎಂದೆ. ಹಾಕಿದ್ದು ಕಂಡವರಿಗೆ ತೆಗೆದದ್ದು ಕಾಣುತ್ತದೆಯೇ ಎಂದು ಆಕೆ ಮತ್ತೆ ಕೇಳಿದಳು. ಆಕೆ ಓದಿದ್ದು ನಾಲ್ಕನೆಯ ಇಯತ್ತೆ.

ಆ ಎರಡನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಸೊಸೆಯ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಆಕೆ ಎತ್ತಲಾರದೆ ನನ್ನ ಕೈಗೆ ಕೊಟ್ಟಳು. ಆ ಕಡೆಯಿಂದ ಗಾಳಿಯ ಸದ್ದು, ಆಮೇಲೆ, “ಅಕ್ಕಾ? ನೀ ಅಲ್ಲಿ ಏನ ಮಾಡಾಕತ್ತಿ? ಅವ್ವನ ಕಣ್ಣ ಹೆಂಗೈತಿ?” ದನಿಯಿಂದ ಹೊಟ್ಟೆ ತುಂಬಿಸಿಕೊಳ್ಳುವವಳಿಗೆ ದನಿಯೇ ಹೊರಡಲಿಲ್ಲ. ಅವ್ವನ ಕಡೆ ತಿರುಗಿ ಬರೀ ತುಟಿಯಲ್ಲಿ, ಅವನು, ಅವನೇ ಎಂದೆ. ಅವ್ವ ಅದನ್ನು ಓದಿ ಗೆಳತಿಯ ಕಿವಿಯಲ್ಲಿ ಕೂಗಿದಳು, ಫೋನು ಸೊಸೆಗೆ ಹೋಯಿತು, ಮಾವಶಿಗೆ ಹೋಯಿತು. ನಲವತ್ತು ಸೆಕೆಂಡಿನ ಮಾತು. ಅಳಬೇಡ ಎಂದು ಮೂರು ದಿನ ಕೈ ಹಿಡಿದು ಕೂತಿದ್ದ ಅವ್ವ ತಾನೇ ಗೊಳೋ ಎಂದು ಅತ್ತಳು. ಮಾವಶಿ ಕಣ್ಣಲ್ಲಿ ಒಂದು ಹನಿ ನೀರು ತರಲಿಲ್ಲ. ಡಾಕ್ಟರು ಬೇಡ ಅಂದಾರ ಎಂದು ಗೆಳತಿಯನ್ನೇ ಬೈದಳು.

ನಾನು ಕೊಲ್ಹಾಪುರಕ್ಕೆ ಮರಳಿದೆ. ಹೇಳದೆ ಹೋದದ್ದಕ್ಕೆ ಡೆಸ್ಕಿನವರು ರೇಗಿದರು, ಆದರೆ ಕೆಲಸಕ್ಕೆ ಜನ ಸಾಲದೆ ಮತ್ತೆ ಅದೇ ಗೇಟಿನ ಮುಂದೆ ನಿಲ್ಲಿಸಿದರು. ಆ ಹೊತ್ತಿಗೆ ಯುದ್ಧ ನಿಂತು ಒಂದೆರಡು ದಿನವಾಗಿದ್ದರೂ ಸಂದೇಶಗಳು ನಿಂತಿರಲಿಲ್ಲ. ಈ ಸಲ ನಮ್ಮ ಜಿಲ್ಲೆಯ ಒಂದು ಕಬ್ಬಿನ ಹೊಲದಲ್ಲಿ ಶತ್ರುವಿನ ಡ್ರೋನ್ ಬಿದ್ದಿದೆ ಎಂಬ ಮಾತು. ಒಳಗೆ ಕೇಳಿದೆ, ಇಲ್ಲ ಎಂದರು. ಜಯಸಿಂಗಪುರದವನು ಕ್ಯಾಮೆರಾ ಹೊತ್ತು ನಿಂತಿದ್ದ. ದನಿ ತೆರೆಯುವ ಮೊದಲು ನಾನು ಅವನಿಗೆ, “ಇವತ್ತೂ ಏನೂ ಗೊತ್ತಿಲ್ಲ. ಅದನ್ನ ಹೇಳ್ತೇನಿ,” ಎಂದೆ. ಅವನು ಭಡಂಗ ಅಗಿಯುವುದನ್ನು ನಿಲ್ಲಿಸಿದ.

ನೇರ ಪ್ರಸಾರ ಶುರುವಾಯಿತು. ಹೊಲದಲ್ಲಿ ಏನಾದರೂ ಬಿದ್ದ ಬಗ್ಗೆ ನನ್ನ ಬಳಿ ಖಾತ್ರಿಯಾದ ಮಾಹಿತಿ ಇಲ್ಲ, ಕಚೇರಿಯವರು ಇಲ್ಲ ಎಂದಿದ್ದಾರೆ, ಸಂದೇಶ ಕಳಿಸಿದವರು ಯಾರೆಂದು ನಮಗೆ ಗೊತ್ತಿಲ್ಲ ಎಂದು ಮರಾಠಿಯಲ್ಲಿ ಹೇಳಿದೆ. ನಿರೂಪಕ ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ, ಇನ್ನೊಂದು ಮಾತು ಎಂದು ಮುಂದುವರಿಸಿದೆ. ಹಿಂದೆ ಇದೇ ಜಾಗದಲ್ಲಿ ನಿಂತು ನಾನು ಗಡಹಿಂಗ್ಲಜದ ಜವಾನರ ಬಗ್ಗೆ ಹೇಳಿದ್ದೆ ಎಂದೆ. ಅಷ್ಟರಲ್ಲಿ ಕಿವಿಯೊಳಗೆ ಖಟ್ ಎಂದಿತು. ನನ್ನ ದನಿ ಮುಚ್ಚಿ ನಿರೂಪಕ ಬೇರೆ ಸುದ್ದಿ ಎತ್ತಿಕೊಂಡ. ಆದರೆ ಚಿತ್ರ ತೆಗೆಯುವುದನ್ನು ಮರೆತಿದ್ದರೋ, ಚೌಕ ತುಂಬಲು ಬೇರೇನೂ ಇರಲಿಲ್ಲವೋ, ಕ್ಯಾಮೆರಾದ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಜಯಸಿಂಗಪುರದವನು ಕ್ಯಾಮೆರಾ ಇಳಿಸಲಿಲ್ಲ. ನಾನೂ ಬಾಯಿ ಮುಚ್ಚಲಿಲ್ಲ. ಅದನ್ನು ನನಗೆ ಯಾರೂ ಹೇಳಿರಲಿಲ್ಲ, ಅದು ನನ್ನ ಊಹೆ, ಅದರಿಂದ ಎಷ್ಟೋ ಮನೆಗಳಲ್ಲಿ ಎರಡು ದಿನ ಒಲೆ ಹತ್ತಲಿಲ್ಲ, ನಾನು ತಪ್ಪು ಮಾಡಿದೆ, ಕ್ಷಮಿಸಿರಿ ಎಂದು ಕೊನೆಯ ಮಾತಿನವರೆಗೂ ಹೇಳಿ ಮುಗಿಸಿದೆ.

ಆಮೇಲೆ ಫುಟ್‌ಪಾತಿನ ಅಂಚಿಗೆ ಕೂತೆ. ಕ್ಷಮೆ ಕೇಳಿದ್ದು ಒಂದು ಕಿವಿಗೂ ಮುಟ್ಟಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಮೊಬೈಲಿನಲ್ಲಿ ವಿಡಿಯೋ ಕಾಲ್. ಪರದೆಯಲ್ಲಿ ಎರಡು ಮುಖ ಒಂದಕ್ಕೊಂದು ತಾಗಿಕೊಂಡಿದ್ದವು, ಅವ್ವನದು ಮತ್ತು ಮಾವಶಿಯದು. ಮಾವಶಿಯ ಕಣ್ಣಿನ ಪಟ್ಟಿ ಬಿಚ್ಚಿದ್ದರು. ಕಪ್ಪು ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ಹೊಸ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.

ನಾನು ದನಿಯಿಲ್ಲದೆ, ನಡುವೆಯೇ ನನ್ನ ದನಿ ಮುಚ್ಚಿದರು ಅವ್ವ ಎಂದೆ.

ಅವ್ವ ಗೆಳತಿಯ ಮುಖ ನೋಡಿದಳು, ಗೆಳತಿ ಅವ್ವನ ಮುಖ ನೋಡಿದಳು. ಆಮೇಲೆ ಅವ್ವನ ತುಟಿ ನಿಧಾನವಾಗಿ ಆಡಿತು.

“ಹೌದೇನ? ನಮಗ ಗೊತ್ತ ಆಗ್ಲಿಲ್ಲ. ಇಬ್ಬರೂ ಪೂರಾ ಕೇಳಿದಿವಿ.”